ಎರಡು ಟರ್ಕಿ ಬೇಯಿಸಿದ ಮಹಾತಾಯಿ

ಈ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ, ಅಡುಗೆ ಪೂರ್ತಿ ನನ್ನದು, ಒಂದು ಚಮಚ ಎತ್ತಿಕೊಡಲಿಕ್ಕೂ ಯಾರೂ ಬರಬೇಕಾಗಿಲ್ಲ ಎಂದು ನಾನು ಘೋಷಿಸಿದೆ. ಮಹಾರಾಣಿಯರು ಯುದ್ಧ ಸಾರುವಾಗ ಇದೇ ದನಿಯಲ್ಲಿ ಸಾರಿರಬೇಕು.

ನಾನೇನು ಸಾಮಾನ್ಯಳೇ? ನಮ್ಮ ಭಾಗದ ಶಾಲಾ ಬಸ್ಸುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಓಡಿಸುವ ಕುರ್ಚಿಯಲ್ಲಿ ಕೂತವಳು. ವಿಸ್ಕಾನ್ಸಿನ್ನಿನ ಹಿಮ ಮೊಳಕಾಲಿನವರೆಗೆ ಬೀಳಲಿ, ಅರ್ಧ ಚಾಲಕರು ಜ್ವರವೆಂದು ಹೊದ್ದು ಮಲಗಲಿ, ಗಂಟೆ ಬಾರಿಸುವ ಹೊತ್ತಿಗೆ ಮಕ್ಕಳು ತರಗತಿಯಲ್ಲಿರುತ್ತಾರೆ. ಅಂಥವಳಿಗೆ ಒಂದು ಟರ್ಕಿ ಕೋಳಿ, ಒಂದಿಷ್ಟು ಆಲೂಗಡ್ಡೆ, ಒಂದು ಕುಂಬಳಕಾಯಿ ಪೈ ಯಾವ ಲೆಕ್ಕ? ಕೋಳಿ ಬಸ್ಸಿನ ಹಾಗೆ ನಡುದಾರಿಯಲ್ಲಿ ಕೆಟ್ಟು ನಿಲ್ಲುವುದಿಲ್ಲ. ಚಾಲಕನ ಹಾಗೆ ರಜೆ ಕೇಳುವುದಿಲ್ಲ. ಇಟ್ಟ ಜಾಗದಲ್ಲಿ ಇರುತ್ತದೆ.

ಹಾಗೆಂದು ನಂಬಿದ್ದೆ!

ಈ ಯುದ್ಧಕ್ಕೆ ಹಿನ್ನೆಲೆಯಿದೆ. ಮದುವೆಯಾದಾಗಿನಿಂದ ಪ್ರತಿವರ್ಷ ಈ ಊಟ ನಮ್ಮತ್ತೆ ಆರ್ಡಿಸ್ ಅವರ ಮನೆಯಲ್ಲಿ. ಅವರ ಅಡುಗೆಮನೆಯಲ್ಲಿ ಕೆಲಸಗಳಿಗೆ ದರ್ಜೆಗಳಿದ್ದವು. ಟರ್ಕಿ ಅತ್ತೆಯದು. ಅದರ ಹೊಟ್ಟೆಗೆ ತುಂಬುವ ಬ್ರೆಡ್ಡಿನ ಹೂರಣ ನಾದಿನಿ ಗ್ರೆಟಾಳದು, ಮಗಳಲ್ಲವೇ! ಆಲೂಗಡ್ಡೆ ಸುಲಿಯುವುದು, ಹಿಸುಕುವುದು, ಕೊನೆಗೆ ಎಲ್ಲರ ತಟ್ಟೆ ತೊಳೆಯುವುದು ಸೊಸೆಯದು. ಗಂಡಸರು ಜಿಂಕೆ ಬೇಟೆಯಿಂದ ನೇರ ಬಂದು ಟೀವಿಯಲ್ಲಿ ಫುಟ್‌ಬಾಲ್ ಹಾಕಿಕೊಂಡು ಸೋಫಾದಲ್ಲಿ ಕರಗಿಹೋಗುತ್ತಿದ್ದರು. ಊಟಕ್ಕೆ ಮುಂಚೆ ನನ್ನ ಗಂಡ ವೆಂಡೆಲ್ ಎದ್ದು ಬಂದು ಚಾಕು ಝಳಪಿಸಿ ಬೆಂದ ಕೋಳಿಯನ್ನು ಕೊಯ್ಯುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮೂರು ದಿನದ ಅಡುಗೆಗೆ ಸಿಗುವ ಚಪ್ಪಾಳೆ ಮೂರು ನಿಮಿಷ ಚಾಕು ಆಡಿಸಿದವನಿಗೆ!

ಊರಿನ ಗ್ರಂಥಾಲಯದಲ್ಲಿ ಹೆಣ್ಣಿನ ಸಮಾನತೆಯ ಬಗ್ಗೆ ನಾನು ಭಾಷಣ ಮಾಡಿದ್ದೇನೆ. ಜನ ಎದ್ದು ನಿಂತು ಮೆಚ್ಚಿದ್ದಾರೆ. ಇಷ್ಟು ತಿಳಿದವಳು ಈ ವ್ಯವಸ್ಥೆಯ ವಿರುದ್ಧ ಏನು ಮಾಡಿದೆ ಎಂದು ನೀವು ಕೇಳಬಹುದು. ಬಡ್ತಿ ಕೇಳಿದೆ. ಆಲೂಗಡ್ಡೆಯಿಂದ ಟರ್ಕಿಗೆ!

ಕಳೆದ ವರ್ಷದ ಹಬ್ಬದಂದು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು, ಮೊಣಕೈವರೆಗೆ ನೊರೆ ಮೆತ್ತಿಕೊಂಡು, ಮುಂದಿನ ಸಲ ನಮ್ಮ ಮನೆಯಲ್ಲಿ ಎಂದು ಅತ್ತೆಗೆ ಹೇಳಿಬಿಟ್ಟೆ. ಅತ್ತೆಯ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. ಕಣ್ಣು ಒದ್ದೆಯಾಯಿತು. ಸಿಂಹಾಸನ ಬಿಡುವ ಸಂಕಟ ಎಂದುಕೊಂಡೆ.

"ತುಂಬಾ ಕೆಲಸ ಇರುತ್ತೆ ಕಣೇ ಲೋರ್ನಾ," ಎಂದರು.

"ಕೆಲಸ ನನಗೇನು ಹೊಸದಾ ಅತ್ತೆ?"

"ಗ್ರೆಟಾ ಒಪ್ಪಬೇಕಲ್ಲ."

ಗ್ರೆಟಾ ಒಪ್ಪಲಿಲ್ಲ. ಅಮ್ಮನ ಕೈಯ ಟರ್ಕಿ ಬಿಟ್ಟು ಬೇರೆಯದು ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ಒಂದು ವರ್ಷ ಲೋರ್ನಾ ಮಾಡಲಿ. ಎಲ್ಲ ಸರಿಹೋಯಿತೆಂದರೆ ಇನ್ನು ಮುಂದೆ ಯಾವಾಗಲೂ ಅವಳ ಮನೆಯಲ್ಲೇ. ಹದಗೆಟ್ಟಿತೆಂದರೆ ಮತ್ತೆ ತಮ್ಮ ಮನೆಗೇ, ಆಮೇಲೆ ಆ ಮಾತು ಯಾರೂ ಎತ್ತಕೂಡದು.

ಅಂದರೆ ಒಂದೇ ಪರೀಕ್ಷೆ. ಪಾಸಾದರೆ ಟರ್ಕಿ, ಫೇಲಾದರೆ ಸಾಯುವವರೆಗೆ ಆಲೂಗಡ್ಡೆ.

ಹಬ್ಬ ಬಂತು. ಒಂದು ತಿಂಗಳು ಮೊದಲೇ ನಾನು ಕೆಲಸದ ವೇಳಾಪಟ್ಟಿ ಹಾಕಿದ್ದೆ. ಯಾವ ಒಲೆಗೆ ಯಾವಾಗ ಯಾವುದು ಏರಬೇಕು, ಯಾವಾಗ ಇಳಿಯಬೇಕು ಎಲ್ಲ ಬಸ್ಸಿನ ಲೆಕ್ಕದಲ್ಲೇ. ಎರಡು ಕೈಯಲ್ಲಿ ಅಪ್ಪಿ ತರುವಂಥ ಟರ್ಕಿಯನ್ನು ತಂದೆ. ಸೇಬು, ಮೆಣಸು, ಕಂದುಸಕ್ಕರೆ ಹಾಕಿ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅದನ್ನು ಎರಡು ದಿನ ನೆನೆಹಾಕಿದರೆ ಮಾಂಸ ಬೆಣ್ಣೆಯಾಗುತ್ತದೆ. ಅಷ್ಟು ದೊಡ್ಡದು ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲ. ನವೆಂಬರಿನಲ್ಲಿ ನಮ್ಮ ಕಡೆಯ ಗ್ಯಾರೇಜಿಗಿಂತ ಒಳ್ಳೆಯ ಫ್ರಿಜ್ಜು ಎಲ್ಲಿದೆ? ಹಾಗಾಗಿ ದೊಡ್ಡ ನೀಲಿ ಐಸ್ ಪೆಟ್ಟಿಗೆಯಲ್ಲಿ ಕೋಳಿ ಮುಳುಗಿಸಿ, ಮುಚ್ಚಳ ಹಾಕಿ, ಗ್ಯಾರೇಜಿನ ಗೋಡೆಗೆ ಒತ್ತಿ ಇಟ್ಟೆ.

ನಮ್ಮ ಗ್ಯಾರೇಜಿನಲ್ಲಿ ನೀಲಿ ಐಸ್ ಪೆಟ್ಟಿಗೆ ಒಂದೇ ಇರಲಿಲ್ಲ. ವೆಂಡೆಲ್ ಕೆಲಸ ಮಾಡುವ ಡೇರಿಯವರು ಕ್ರಿಸ್‌ಮಸ್ಸಿಗೆ ಅದನ್ನೇ ಕೊಡುತ್ತಾರೆ, ಸಂಬಳ ಹೆಚ್ಚಿಸುವುದಕ್ಕಿಂತ ಅಗ್ಗ. ಬುಧವಾರ ಬೆಳಿಗ್ಗೆ ವೆಂಡೆಲ್ಲೂ ಗ್ರೆಟಾಳ ಗಂಡ ಕರ್ಟೂ ಬಡಗಣ ಕಾಡಿನ ಬೇಟೆ ಬಿಡಾರಕ್ಕೆ ಹೊರಟರು. ಮರುದಿನ ಮಧ್ಯಾಹ್ನದ ಊಟಕ್ಕೆ ವಾಪಸ್. ಇಬ್ಬರೂ ಸೇರಿ ಒಂದು ನೀಲಿ ಪೆಟ್ಟಿಗೆಯನ್ನು ಏದುಸಿರು ಬಿಡುತ್ತ ಎತ್ತಿದರು. ಇಷ್ಟು ಭಾರ ಯಾಕೆ ಎಂಬ ಪ್ರಶ್ನೆ ಅವರಿಗೆ ಏಳಲಿಲ್ಲ. ಬಿಯರು ಭಾರವಾಗಿದ್ದಷ್ಟು ಸಂತೋಷ.

ಅವರಿಗೆ ಅನುಕೂಲವಾಗಲೆಂದು ಗ್ಯಾರೇಜಿನ ಬಾಗಿಲು ಹಿಡಿದು ನಿಂತಿದ್ದವಳು ನಾನೇ. ದಯವಿಟ್ಟು ಇದನ್ನು ಮರೆಯಬೇಡಿ, ನಾನಂತೂ ಮರೆಯಲಾರೆ.

ಹೊರಡುವಾಗ ವೆಂಡೆಲ್ ಗಾಡಿಯ ಎಂಜಿನ್ ಚಾಲೂ ಮಾಡಿ, ಸೀಟುಬೆಲ್ಟು ಹಾಕಿಕೊಂಡು, ಗಾಜು ಇಳಿಸಿ, ನಾನೇನಾದರೂ ಮಾಡಿಕೊಡಬೇಕಿತ್ತೇ ಎಂದು ಕೇಳಿದ. ಗಂಡಸರು ಸಹಾಯ ಕೇಳುವ ಮುಹೂರ್ತವೇ ಹಾಗೆ. ಏನೂ ಬೇಡ, ಹೊತ್ತಿಗೆ ಬಾ ಸಾಕು ಎಂದು ಕೈಬೀಸಿದೆ.

ಗುರುವಾರ ಬೆಳಿಗ್ಗೆ ಪಟ್ಟಿಯ ಪ್ರಕಾರ ಪೈ ಒಲೆಗೆ ಹೋಯಿತು, ಆಲೂಗಡ್ಡೆ ನೀರಿಗೆ ಬಿತ್ತು. ಏಪ್ರನ್ ಕಟ್ಟಿ, ತೋಳು ಮಡಿಚಿ, ಗ್ಯಾರೇಜಿಗೆ ಹೋಗಿ ಮುಚ್ಚಳ ಎತ್ತಿದೆ.

ಬಿಯರು. ಬಿಯರಿನ ಪಕ್ಕದಲ್ಲಿ ಬಿಯರು. ಅದರ ಕೆಳಗೆ ಸಾಸೇಜುಗಳ ಸರ, ಚೀಸಿನ ಇಟ್ಟಿಗೆ, ವಿನೆಗರಿನಲ್ಲಿ ಮುಳುಗಿಸಿದ ಮೊಟ್ಟೆಯ ಜಾಡಿ. ಮೂಲೆಯಲ್ಲಿ ಗಂಡು ಜಿಂಕೆಯನ್ನು ಮರುಳುಮಾಡಲು ಅಂಗಡಿಯಲ್ಲಿ ಮಾರುವ ಹೆಣ್ಣು ಜಿಂಕೆಯ ಮೂತ್ರದ ಸೀಸೆ. ಅದನ್ನು ಚೀಸಿಗೆ ಒರಗಿಸಿ ಇಟ್ಟಿದ್ದರು.

ಉಳಿದ ನೀಲಿ ಪೆಟ್ಟಿಗೆಗಳನ್ನೂ ತೆರೆದು ನೋಡಿದೆ. ಒಂದರಲ್ಲಿ ಗಾಳ, ಒಂದರಲ್ಲಿ ಕ್ರಿಸ್‌ಮಸ್ ದೀಪದ ಮಾಲೆ. ಕೋಳಿ ರಜೆ ಹಾಕಿತ್ತು!

ವೆಂಡೆಲ್ಲನ ಫೋನು ಕಾಡಿನಲ್ಲಿ ಹತ್ತುವುದಿಲ್ಲ. ಬಿಡಾರದ ಹತ್ತಿರ ಒಂದು ಬಾರ್ ಇದೆ, ಬೇಟೆಯ ವಾರದಲ್ಲಿ ಅದು ಮುಚ್ಚುವುದೇ ಇಲ್ಲ. ಅಲ್ಲಿಗೆ ಫೋನ್ ಮಾಡಿದೆ. ಎತ್ತಿದವಳು ಬಾರಿನ ಯಜಮಾನಿ. ನಾನು ವೆಂಡೆಲ್ಲನ ಹೆಂಡತಿ ಎಂದದ್ದೇ ತಡ, ಅವಳ ದನಿ ಚರ್ಚಿನೊಳಗೆ ಕಾಲಿಟ್ಟಂತೆ ಮೆತ್ತಗಾಯಿತು.

"ನೀನೇನಾ ಆ ಟರ್ಕಿ ಕಳಿಸಿದ ತಾಯಿ? ನಿನ್ನೆ ಇಲ್ಲಿ ಕೂತು ನಿನ್ನ ಹೆಸರಲ್ಲಿ ಕುಡಿದರಮ್ಮ ಎಲ್ಲರೂ. ಒಬ್ಬ ಅಂತೂ ಅತ್ತೇಬಿಟ್ಟ, ನನ್ನ ಹೆಂಡತಿ ನನಗೆ ಒಂದು ಮೊಟ್ಟೆ ಕಟ್ಟಿಕೊಟ್ಟಿಲ್ಲ ಅಂತ."

ಕೋಳಿ ಈಗ ಎಲ್ಲಿದೆ ಎಂದು ಕೇಳಿದೆ.

"ಎಲ್ಲಿದೆ ಅಂದರೆ? ಅವರ ಹೊಟ್ಟೇಲಿ. ಗುಡಿಸಲ ಹಿಂದೆ ಹಂಡೆ ಎಣ್ಣೆಯಲ್ಲಿ ಕರಿದರಂತೆ. ನನಗೂ ಒಂದು ರೆಕ್ಕೆ ತಂದುಕೊಟ್ಟರು. ಏನು ಉಪ್ಪು ಹಿಡಿದಿತ್ತು ಅಂತೀಯ!"

ಜೀವನದಲ್ಲಿ ನನ್ನ ಟರ್ಕಿಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಗುರುತಿಲ್ಲದ ಹೆಂಗಸಿನಿಂದ, ಫೋನಿನಲ್ಲಿ, ಕೋಳಿ ಸಂದ ಮೇಲೆ.

ಹಬ್ಬದ ದಿನ ಊರಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ತೆರೆದಿರುವುದು ಪೆಟ್ರೋಲ್ ಬಂಕಿನ ಪುಟ್ಟ ಅಂಗಡಿ ಒಂದೇ. ಏಪ್ರನ್ ಮೇಲೆಯೇ ಕೋಟು ಹಾಕಿ ಓಡಿದೆ. ಅಲ್ಲಿ ಸಿಕ್ಕಿದ್ದು ಸ್ಯಾಂಡ್‌ವಿಚ್ಚಿಗೆ ಇಡುವ ಟರ್ಕಿಯ ತೆಳು ಹಾಳೆಗಳು, ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಗುಂಡಗೆ, ಒದ್ದೆಯಾಗಿ. ಇದ್ದಬದ್ದ ಪೊಟ್ಟಣಗಳನ್ನೆಲ್ಲ ಬಾಚಿಕೊಂಡು ಹೊರಬಂದರೆ ಎದುರಿಗೆ ನಮ್ಮ ಚರ್ಚಿನ ಹೊಸ ಪಾದ್ರಿ ಲಿಂಡ್‌ಕ್ವಿಸ್ಟ್ ಅವರು. ಮದುವೆಯಾಗದ ಪಾಪದ ಮನುಷ್ಯ, ಹಬ್ಬದ ದಿನ ಒಂಟಿಯಾಗಿ ಯಾಕೆ ಉಣ್ಣಬೇಕು ಎಂದು ನಾನೇ ಊಟಕ್ಕೆ ಕರೆದಿದ್ದೆ. ಅಜ್ಜಿ ಕಲಿಸಿದ ಪೆಕಾನ್ ಬೀಜದ ಪೈಯನ್ನು ಸ್ವತಃ ಮಾಡಿ ತರುತ್ತೇನೆಂದು ಅವರೂ ಮಾತು ಕೊಟ್ಟಿದ್ದರು. ಈಗ ಕಾರಿನ ಬಾನೆಟ್ಟಿನ ಮೇಲೆ ಬಂಕಿನ ಪೈ ಇಟ್ಟುಕೊಂಡು ಉಗುರಿನಿಂದ ಅದರ ಬೆಲೆಚೀಟಿ ಕೆರೆಯುತ್ತಿದ್ದರು.

ಅವರು ನನ್ನ ಪೊಟ್ಟಣಗಳನ್ನು ನೋಡಿದರು. ನಾನು ಅವರ ಪೈ ನೋಡಿದೆ.

"ಇವತ್ತು ಚಳಿ ಜಾಸ್ತಿ," ಎಂದರು ಪಾದ್ರಿ.

"ಹೌದು, ಗಾಳಿ ಬೇರೆ," ಎಂದೆ.

ಮನೆಗೆ ಬಂದರೆ ಬಾಗಿಲಲ್ಲೇ ಹೊಗೆ ಸ್ವಾಗತಿಸಿತು. ಪೈ ಟಾರು ರಸ್ತೆಯಾಗಿತ್ತು. ಆಲೂಗಡ್ಡೆಯ ನೀರೆಲ್ಲ ಆವಿಯಾಗಿ, ತಳದ ಗಡ್ಡೆಗಳು ಪಾತ್ರೆಗೆ ಬೆಸುಗೆ ಹಾಕಿಕೊಂಡಿದ್ದವು. ಇಡೀ ಭಾಗದ ಬಸ್ಸುಗಳನ್ನು ಓಡಿಸುವವಳ ಅಡುಗೆಮನೆಯಲ್ಲಿ ಒಂದೂ ಗಾಡಿ ನಿಲ್ದಾಣ ತಲುಪಲಿಲ್ಲ.

ಸೋತೆನೆಂದು ಒಪ್ಪಿಕೊಂಡು ಅತ್ತೆಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಗ್ರೆಟಾಳ ಮುಖ ಕಣ್ಮುಂದೆ ಬಂತು. ಅವಳ ಬಗ್ಗೆ ನನಗೆ ಯಾವತ್ತೂ ಸ್ವಲ್ಪ ಅಸಡ್ಡೆ. ಅಮ್ಮ ಹೇಳಿದ್ದಕ್ಕೆ ತಲೆಯಾಡಿಸಿ, ಗಂಡನ ಕಾಲುಚೀಲ ಹುಡುಕಿಕೊಟ್ಟು, ಅದೇ ಸಂಸಾರ ಎಂದುಕೊಂಡವಳು. ಅವಳ ಮುಂದೆ ಸೋಲುವುದೇ?

ಆಗ ನನ್ನೊಳಗಿನ ಶಿಲ್ಪಿ ಎಚ್ಚೆತ್ತಳು.

ಬ್ರೆಡ್ಡಿನ ಹೂರಣ ಬೇಕಾದಷ್ಟಿತ್ತು. ಅದನ್ನು ದೊಡ್ಡ ತಟ್ಟೆಯಲ್ಲಿ ಸುರಿದು ಕೋಳಿಯ ಆಕಾರಕ್ಕೆ ತಟ್ಟಿದೆ. ಎದೆ ಉಬ್ಬಿಸಿದೆ. ಬೇಟೆ ಪೆಟ್ಟಿಗೆಯ ಸಾಸೇಜುಗಳಲ್ಲಿ ದಪ್ಪನೆಯ ಎರಡನ್ನು ಆರಿಸಿ ಕಾಲುಗಳಾಗಿ ನೆಟ್ಟೆ. ಮೇಲೆ ಟರ್ಕಿಯ ಹಾಳೆಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹೊದಿಸಿ, ಕಡ್ಡಿ ಚುಚ್ಚಿ, ಬೆಣ್ಣೆ ಬಳಿದು, ಬಣ್ಣಕ್ಕೆ ಕಂದುಸಕ್ಕರೆ ಸವರಿದೆ. ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದರೆ ಟರ್ಕಿಯೇ. ಅತಿಥಿಗಳೆಲ್ಲ ಎರಡು ಹೆಜ್ಜೆ ಹಿಂದೆ ಕೂತು ಕಣ್ಣು ಕಿರಿದು ಮಾಡಿಕೊಂಡು ಉಂಡರೆ ಸಾಕಿತ್ತು. ನನ್ನ ಕೃತಿಯನ್ನು ಒಲೆಗೆ ದೂಡಿದೆ.

ಅತ್ತೆ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ನಮ್ಮ ಕಡೆ ಹಿರಿಯರೆಲ್ಲ ಹಾಗೆಯೇ, ತಡವಾಗುವುದು ಅವರ ಲೆಕ್ಕದಲ್ಲಿ ಪಾಪ. ಜೊತೆಗೆ ಗ್ರೆಟಾ, ಕೈಯಲ್ಲಿ ಒಂದು ಪೈ. ಇರಲಿ, ಅಕಸ್ಮಾತ್ ಬೇಕಾದೀತು ಎಂದು ಮಾಡಿದೆ ಎಂದಳು. ನನ್ನ ಪೈ ಹಿತ್ತಿಲಿನ ಹಿಮದಲ್ಲಿ ಹೂತುಹೋಗಿರುವಾಗ ಆ ಅಕಸ್ಮಾತ್ ಎಂಬ ಮಾತು ನೆಟ್ಟಗೆ ಎದೆಗೆ ಬಂದು ನಾಟಿತು.

ಗ್ರೆಟಾ ನಡುಮನೆಯಲ್ಲಿ ಕೋಟು ಕಳಚುತ್ತಿದ್ದಳು. ಅತ್ತೆ ನೇರ ಅಡುಗೆಮನೆಗೆ ಬಂದರು, ಮೂಗು ಅರಳಿಸಿದರು, ನಾನು ಅಡ್ಡ ಬರುವ ಮುಂಚೆ ಒಲೆಯ ಬಾಗಿಲು ತೆರೆದರು.

ಹಾಳೆಗಳೆಲ್ಲ ಮುದುರಿ ಮೇಲೆದ್ದಿದ್ದವು. ಚುಚ್ಚಿದ ಕಡ್ಡಿಗಳು ಮುಳ್ಳಿನಂತೆ ನೆಟ್ಟಗೆ ನಿಂತಿದ್ದವು. ಒಂದು ಕಾಲು ಕಳಚಿ ಪಕ್ಕದಲ್ಲಿ ಬಿದ್ದಿತ್ತು. ಎದೆ ಕುಸಿದು ನಡುವೆ ಹಳ್ಳವಾಗಿ ಅದರಲ್ಲಿ ಬೆಣ್ಣೆ ಗುಳುಗುಳು ಎನ್ನುತ್ತಿತ್ತು.

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು.

"ಇದಕ್ಕೆ ಯಾವತ್ತಾದರೂ ಜೀವ ಇತ್ತಾ?" ಎಂದು ಕೇಳಿದರು.

ನಾನು ಬಾಯಿಬಿಟ್ಟೆ. ಪೆಟ್ಟಿಗೆ, ಬಾರ್, ಹಂಡೆ ಎಣ್ಣೆ, ಬಂಕು ಎಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಇನ್ನು ಆಲೂಗಡ್ಡೆ ಇಲಾಖೆಗೆ ವಾಪಸ್ಸು ಹೋಗುವುದೇ ಗತಿ ಎಂದು ತಲೆ ತಗ್ಗಿಸಿದೆ. ಅತ್ತೆ ನಗಲಿಲ್ಲ, ಬೈಯಲಿಲ್ಲ. ನಡುಮನೆಯ ಕಡೆಗೆ ಒಮ್ಮೆ ನೋಡಿ ಅಡುಗೆಮನೆಯ ಬಾಗಿಲು ಹಾಕಿದರು.

"ಗ್ರೆಟಾಗೆ ಗೊತ್ತಾ?"

"ಇಲ್ಲ."

"ಗೊತ್ತಾಗಬಾರದು. ಚಾಕು ಕೊಡು."

ನಂತರ ನಡೆದದ್ದನ್ನು ನಾನು ಬೆರಗಿನಿಂದ ನೋಡಿದೆ. ಆ ಪ್ರಾಣಿಯನ್ನು ಅತ್ತೆ ಕ್ಷಣದಲ್ಲಿ ಛೇದಿಸಿದರು. ಹಾಳೆಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರು. ಸಾಸೇಜನ್ನು ಓರೆಯಾಗಿ ಕೊಯ್ದು ನಡುವೆ ಸೇರಿಸಿದರು. ಎಲ್ಲದರ ಮೇಲೆ ಪ್ರವಾಹದಂತೆ ಗ್ರೇವಿ ಹರಿಸಿದರು. ಸುಟ್ಟ ಆಲೂಗಡ್ಡೆಯಲ್ಲಿ ಬದುಕಿದ್ದವನ್ನು ಎತ್ತಿ ಹಿಸುಕಿ, ಕಂದು ಚೂರುಗಳನ್ನು ಹುರಿದ ಈರುಳ್ಳಿ ಎಂದು ಕರೆದರು. ಇಡೀ ಟರ್ಕಿಯನ್ನು ಮೇಜಿಗೆ ತಂದು ಎಲ್ಲರೆದುರು ಕೊಯ್ಯುವುದು ಅವರ ಗಂಡನ ಕಾಲದಿಂದ ನಡೆದುಬಂದ ಪದ್ಧತಿ. ಆ ಪದ್ಧತಿಯನ್ನು ಅವರೇ ಮುರಿದು, ಈಗೆಲ್ಲ ಒಳಗೇ ಕೊಯ್ದು ತರುವುದಂತೆ, ಅದೇ ಸರಿ ಎಂದು ನಡುಮನೆಗೆ ಕೇಳುವಂತೆ ಸಾರಿದರು.

ನನ್ನ ಮಾನ ಉಳಿಸಲು ಈ ಹೆಂಗಸು ಇಷ್ಟೆಲ್ಲ ಮಾಡುತ್ತಿದ್ದಾರಲ್ಲ! ಇಷ್ಟು ವರ್ಷ ಇವರನ್ನು ನಾನು ಅರ್ಥವೇ ಮಾಡಿಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು. ಏಪ್ರನ್ನಿನ ತುದಿಯಲ್ಲಿ ಒರೆಸಿಕೊಂಡೆ.

ವೆಂಡೆಲ್ ಮತ್ತು ಕರ್ಟ್ ಎಣ್ಣೆ, ಹೊಗೆ, ಕಾಡಿನ ವಾಸನೆಯೊಂದಿಗೆ ಒಳಬಂದರು. ಪಾದ್ರಿಗಳು ಪೈ ಹಿಡಿದು ಬಂದರು. ಎಲ್ಲರೂ ಮೇಜಿನ ಸುತ್ತ ಕೂತೆವು. ಪಾದ್ರಿಗಳು ಕೈಮುಗಿದು ಕಣ್ಣು ಮುಚ್ಚಿ, ಈ ಮೇಜಿನ ಮೇಲಿರುವುದು ಏನೇ ಆಗಿರಲಿ, ಯಾರ ಕೈಯಿಂದಲೇ ತಯಾರಾಗಿರಲಿ, ಅದನ್ನು ಪ್ರಶ್ನೆಯಿಲ್ಲದೆ ಸ್ವೀಕರಿಸುವ ಮನಸ್ಸು ಕೊಡು ದೇವರೇ ಎಂದು ಬೇಡಿಕೊಂಡರು. ಅಷ್ಟು ಮನಃಪೂರ್ವಕವಾದ ಪ್ರಾರ್ಥನೆಯನ್ನು ನಾನು ಚರ್ಚಿನಲ್ಲೂ ಕೇಳಿಲ್ಲ. ಅವರದೂ ನನ್ನದೂ ಆಮೆನ್ ಉಳಿದವರದಕ್ಕಿಂತ ಜೋರಾಗಿತ್ತು.

ಗ್ರೆಟಾ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಇದು ಒಂಥರಾ ಬೇರೆ ಇದೆ," ಎಂದಳು.

ನಮ್ಮ ಊರಿನಲ್ಲಿ ಅಡುಗೆಯನ್ನು ಯಾರೂ ಬೈಯುವುದಿಲ್ಲ. ಬೇರೆ ಥರ ಇದೆ ಎನ್ನುತ್ತಾರೆ. ಆ ಮಾತು ಕೇಳಿದ ಹೆಂಗಸು ಆ ಪದಾರ್ಥವನ್ನು ಮತ್ತೆಂದೂ ಮಾಡುವುದಿಲ್ಲ, ಕೆಲವರು ಚರ್ಚನ್ನೇ ಬದಲಾಯಿಸಿದ್ದಾರೆ.

"ಬೇರೆ ಏನಿಲ್ಲ," ಎಂದರು ಅತ್ತೆ. "ಚೆನ್ನಾಗಿದೆ."

ವೆಂಡೆಲ್ಲನ ಫೋರ್ಕು ಬಾಯಿಯ ಹತ್ತಿರವೇ ನಿಂತಿತು. ಅತ್ತೆ ಆ ಪದವನ್ನು ತಮ್ಮ ಅಡುಗೆಗೂ ಬಳಸಿದವರಲ್ಲ. ಅದನ್ನು ರುಜುವಾತು ಮಾಡಲೆಂಬಂತೆ ಎರಡನೇ ಸಲ ಬಡಿಸಿಕೊಂಡು, ಕಣ್ಣು ಮಿಟುಕಿಸದೆ ನುಂಗಿದರು. ಆ ಧೈರ್ಯಕ್ಕೆ ಪದಕ ಕೊಡಬೇಕಿತ್ತು.

ಆಮೇಲೆ ಒಬ್ಬೊಬ್ಬರಾಗಿ ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಹೇಳುವ ಸರದಿ. ಪಾದ್ರಿಗಳು ಒಳ್ಳೆಯ ನೆರೆಹೊರೆಗೆ ಎಂದರು. ಮುಂದಿನ ಸರದಿ ವೆಂಡೆಲ್ಲನದು. ಅವನು ಎದ್ದು ನಿಂತ. ನಮ್ಮ ಗಂಡಸರು ಭಾವನೆಗಳಿಗಾಗಿ ಏಳುವುದು ಅಪರೂಪ. ಅತ್ತೆ ಮೇಜಿನ ಕೆಳಗೆ ಕಾಲು ಚಾಚಿ ಅವನನ್ನು ತುಳಿದರು. ತುಳಿದದ್ದು ಪಾದ್ರಿಗಳನ್ನು.

"ನಾನು ಲೋರ್ನಾಗೆ ಕೃತಜ್ಞ," ಎಂದ ವೆಂಡೆಲ್. "ಯಾರಿಗೂ ಹೇಳದೆ ಬಿಡಾರಕ್ಕೆ ಅಂತ ಇಡೀ ಟರ್ಕಿ ಇಟ್ಟು ಕಳಿಸಿದಳು. ಮುಚ್ಚಳ ತೆಗೆದಾಗ ನನಗೆ ಮಾತೇ ಬರಲಿಲ್ಲ."

ಗ್ರೆಟಾಳ ಚಾಕು ತಟ್ಟೆಯ ಮೇಲೆ ಟಣ್ಣೆಂದಿತು.

"ಯಾವ ಟರ್ಕಿ?"

ಎಲ್ಲ ಮುಗಿಯಿತು ಎಂದುಕೊಂಡೆ.

"ಎರಡು ಮಾಡಿದಾಳಲ್ಲ," ಎಂದರು ಅತ್ತೆ, ಬನ್ನಿಗೆ ಬೆಣ್ಣೆ ಸವರುತ್ತ. "ಒಂದು ಅವರಿಗೆ, ಒಂದು ನಮಗೆ. ನಿನಗೆ ಹೇಳಿರಲಿಲ್ಲವಾ?"

ಎಲ್ಲರ ಕಣ್ಣುಗಳೂ ನನ್ನತ್ತ ತಿರುಗಿದವು. ಗ್ರೆಟಾಳ ಕಣ್ಣಿನಲ್ಲೂ ಮೊದಲ ಸಲ ಅಳುಕು ಕಂಡಿತು. ನಾನು ಏನು ಮಾಡಬಹುದಿತ್ತು? ವಿನಯದಿಂದ ತಲೆ ತಗ್ಗಿಸಿದೆ. ಒಂದು ಟರ್ಕಿಯನ್ನೂ ಬೇಯಿಸದೆ ಎರಡು ಟರ್ಕಿ ಬೇಯಿಸಿದ ಮಹಾತಾಯಿಯಾದೆ!

ಕರ್ಟ್‌ಗೆ ಉತ್ಸಾಹ ಬಂತು. ಹಂಡೆಯಲ್ಲಿ ಎಣ್ಣೆ ಎಷ್ಟು ಕಾಯಬೇಕು, ಕೋಳಿಯನ್ನು ಹೇಗೆ ನಿಧಾನವಾಗಿ ಇಳಿಸಬೇಕು, ತಾನು ಹೇಗೆ ಗ್ರೇವಿ ಕಲಸಿದೆ, ವೆಂಡೆಲ್ ಹೇಗೆ ಗಂಟಿಲ್ಲದೆ ಆಲೂಗಡ್ಡೆ ಹಿಸುಕಿದ ಎಂದು ವರ್ಣಿಸಿದ. ಬಿಡಾರದಲ್ಲಿ ಪಾಳಿಯ ಮೇಲೆ ಪಾತ್ರೆ ತೊಳೆಯುತ್ತಾರಂತೆ. ಬೆಳಗಿನ ಪಾಳಿಯವರು ಒಲೆಯನ್ನೂ ಒರೆಸಿಡಬೇಕಂತೆ. ಪಾಳಿ ತಪ್ಪಿಸಿದವನಿಗೆ ಬಿಯರಿಲ್ಲವಂತೆ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಇವತ್ತಿಗೂ ಕೇಳುವ ಮನುಷ್ಯ ಕಾಡಿನಲ್ಲಿ ಹಂಡೆ ತಿಕ್ಕುತ್ತಾನೆ! ಹಾಗಾದರೆ ಅವನಿಗೆ ಬರುವುದಿಲ್ಲವೆಂದಲ್ಲ, ಹೆಂಗಸರಿರುವ ಕಡೆ ಮರೆತುಹೋಗುತ್ತದೆ. ಗ್ರೆಟಾ ಮಾತ್ರ ಊಟ ಬಿಟ್ಟು ಗಂಡನ ಬಾಯನ್ನೇ ನೋಡುತ್ತ ಕೂತಿದ್ದಳು.

"ಮುಂದಿನ ವರ್ಷಾನೂ ಬಿಡಾರಕ್ಕೊಂದು ಇರುತ್ತೆ ತಾನೇ ಅತ್ತಿಗೆ?" ಎಂದ ಕರ್ಟ್. ನಾನು ಉತ್ತರ ಹುಡುಕುವ ಮೊದಲೇ ಅತ್ತೆ ಹೂಂ ಎಂದರು. ಹಾಗೆಯೇ, ಇನ್ನು ಮುಂದೆ ಈ ಊಟ ಲೋರ್ನಾಳ ಮನೆಯಲ್ಲೇ, ಅದಕ್ಕೆ ತಾನು ದೇವರಿಗೆ ಕೃತಜ್ಞಳು ಎಂದು ತಮ್ಮ ಸರದಿಯನ್ನೂ ಮುಗಿಸಿದರು.

ಗೆದ್ದೆ!

ಊಟವಾಯಿತು. ಗಂಡಸರು ಟೀವಿಯ ಕಡೆ ಹೋದರು, ಪಾದ್ರಿಗಳು ಕುಂಟುತ್ತ ಹಿಂಬಾಲಿಸಿದರು. ನಾನು ತಟ್ಟೆಗಳನ್ನು ಪೇರಿಸಿಕೊಂಡು ತೊಟ್ಟಿಯ ಕಡೆ ತಿರುಗಿದೆ, ಗ್ರೆಟಾ ಆಗಲೇ ನಲ್ಲಿ ಬಿಟ್ಟಿದ್ದಳು. ಅತ್ತೆ ನನ್ನ ಹಿಂದೆ ಬರಲಿಲ್ಲ. ಬೂಟು ಕಳಚಿದರು, ಸೋಫಾದ ಒಳ್ಳೆಯ ಮೂಲೆಯಿಂದ ಕರ್ಟ್‌ನನ್ನು ಎಬ್ಬಿಸಿ ತಾವು ಕೂತರು, ಕಾಲುಗಳನ್ನು ಮುಂದಿನ ಸ್ಟೂಲಿನ ಮೇಲೆ ಚಾಚಿದರು. ಜೀವಮಾನದಲ್ಲಿ ಅವರು ಈ ದಿನ ಈ ಹೊತ್ತಿನಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ.

ಕಾಫಿ ತಗೊಂಡು ಹೋಗಿ ಪಕ್ಕದಲ್ಲಿ ಮಂಡಿಯೂರಿದೆ. ನೀವು ನನ್ನನ್ನು ಉಳಿಸಿದಿರಿ, ಈ ಉಪಕಾರ ಯಾವತ್ತೂ ಮರೆಯುವುದಿಲ್ಲ ಎಂದು ಪಿಸುಗುಟ್ಟಿದೆ.

ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ನಿನ್ನನ್ನಾ? ನನ್ನನ್ನು ನಾನು ಉಳಿಸಿಕೊಂಡೆ ಕಣೇ," ಎಂದರು ಮೆತ್ತಗೆ. "ಆ ಒಲೇಲಿ ಇದ್ದದ್ದು ಲಾರಿ ಹರಿದ ಮುಳ್ಳುಹಂದಿ ಥರ ಇತ್ತು. ಹಳೇ ಬೂಟು ಬೇಯಿಸಿಟ್ಟಿದ್ದರೂ ಚೆನ್ನಾಗಿದೆ ಅಂತಿದ್ದೆ. ಮತ್ತೆ ನಮ್ಮನೆಗೆ ಬಂದುಬಿಟ್ಟರೆ ಏನು ಗತಿ?"

ಕಾಫಿಯನ್ನು ಅವರ ಕೈಗಿಟ್ಟೆ. ಅಷ್ಟು ಬೇಡವಾಗಿದ್ದರೆ ಇಷ್ಟು ವರ್ಷ ಯಾಕೆ ಹಿಡಿದುಕೊಂಡಿದ್ದಿರಿ, ನನಗೆ ಯಾಕೆ ಹೀಗೆ ಷರತ್ತು ಹಾಕಿದಿರಿ ಎಂದು ಕೇಳಿದೆ.

"ತಗೊಳ್ಳಿ ಅಂತ ಕೊಟ್ಟರೆ ಯಾರು ತಗೋತಾರೆ? ಬಿಡಲ್ಲ ಅಂತ ಹಿಡ್ಕೊಂಡು ಕೂತರೆ ತಾನೇ ನಿನ್ನಂಥವಳು ಕಿತ್ಕೊಳ್ಳೋಕೆ ಬರೋದು. ನಾನೂ ನಮ್ಮತ್ತೆ ಹತ್ತಿರ ಜಗಳ ಆಡಿ ಕಿತ್ಕೊಂಡಿದ್ದೆ, ಗೆದ್ದೆ ಅಂತ." ಕಾಫಿ ಹೀರಿದರು. "ಇನ್ನು ಈಸ್ಟರ್ ಊಟ ಒಂದು ಉಳಿದಿದೆ."

ಹಾಗೆಂದವರು ದನಿ ಏರಿಸಿ, ಅಡುಗೆಮನೆಯವರೆಗೆ ಕೇಳುವ ಹಾಗೆ, ಈಸ್ಟರ್ ಹಬ್ಬದ ಊಟ ಮಾತ್ರ ತಾನು ಬದುಕಿರುವವರೆಗೆ ಯಾರಿಗೂ ಬಿಟ್ಟುಕೊಡುವುದಿಲ್ಲ, ಅದನ್ನು ಮಾಡಲು ಬೇರೆಯವರ ಕೈಲಿ ಆಗುವುದೂ ಇಲ್ಲ ಎಂದರು.

ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ಗ್ರೆಟಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಎರಡು ಟರ್ಕಿಯ ಸಿಟ್ಟು ಅವಳ ಮುಖದಲ್ಲಿ ಇನ್ನೂ ಬಿಸಿಯಾಗಿತ್ತು.

"ಯಾಕಮ್ಮ ಆಗಲ್ಲ? ಈಸ್ಟರ್ ನಮ್ಮನೇಲಿ ಮಾಡ್ತೀನಿ."

ಅವಳಿಗೆ ಕಣ್ಸನ್ನೆ ಮಾಡಿ ತಡೆಯುವುದು ನನ್ನ ಧರ್ಮವಾಗಿತ್ತು. ಹೆಣ್ಣು ಹೆಣ್ಣಿಗೆ ನೆರವಾಗಬೇಕೆಂದು ಗ್ರಂಥಾಲಯದಲ್ಲಿ ಗುಡುಗಿದವಳು ಈಗ ಎದ್ದು ಬಾಯಿ ಮುಚ್ಚಿ ನಿಂತೆ. ನಾನೊಬ್ಬಳೇ ಯಾಕೆ ಬೀಳಬೇಕು, ಇವಳೂ ಬೀಳಲಿ, ಇಬ್ಬರೂ ಒಟ್ಟಿಗೆ ಹಳ್ಳದಲ್ಲಿರೋಣ.

"ಆದರೆ ನಾನು ಅಡುಗೆ ಮಾತ್ರ ಮಾಡೋದು," ಎಂದಳು ಗ್ರೆಟಾ. "ಪಾತ್ರೆ, ಒಲೆ ಎಲ್ಲ ಗಂಡಸರು. ಕಾಡಲ್ಲಿ ಪಾಳಿ ಮೇಲೆ ತೊಳೀತಾರಂತಲ್ಲ, ನಮ್ಮನೇಲೂ ತೊಳೀಲಿ. ತಪ್ಪಿಸಿದವರಿಗೆ ಬಿಯರಿಲ್ಲ."

ಕರ್ಟ್ ಬಾಯಿ ತೆರೆದ. ತನ್ನ ಬಾಯಿಂದಲೇ ಹೊರಬಿದ್ದ ಮಾತು, ಪಾದ್ರಿಗಳು ಸಾಕ್ಷಿ, ಮುಚ್ಚಿಕೊಂಡ. ವೆಂಡೆಲ್ ಹೂಂ ಎಂದ. ಪಾದ್ರಿಗಳು ತಾವೂ ಒಂದು ಪಾಳಿ ಹಿಡಿಯುವುದಾಗಿ ಹೇಳಿದರು. ಒಂದು ನಿಮಿಷವೂ ಹಿಡಿಯಲಿಲ್ಲ, ಎಲ್ಲ ತೀರ್ಮಾನವಾಗಿಹೋಯಿತು.

ನಾನು ಆಸೆಯಿಂದ, ಹಾಗಾದರೆ ಇವತ್ತಿನ ಪಾತ್ರೆಗಳೂ, ಎಂದು ಶುರುಮಾಡಿದೆ.

"ನೀನು ಯಾರ ಸಹಾಯಾನೂ ಕೇಳಿಲ್ಲವಲ್ಲೇ ಲೋರ್ನಾ," ಎಂದರು ಅತ್ತೆ, ಕಾಲಬೆರಳು ಆಡಿಸುತ್ತ. "ಸ್ವಲ್ಪ ಪಕ್ಕಕ್ಕೆ ಸರಿ, ಆಟ ಕಾಣ್ತಿಲ್ಲ."